ನೀಲಿ ಚೀಟಿಯ ಬಟನ್ ಸೆಲ್

ಶಿಯೊಹಾಮಾ ಬಂದರಿನ ದೋಣಿ ಟಿಕೆಟ್ ಕಿಟಕಿಯ ಹಿಂದೆ ಮೂವತ್ತೆಂಟು ವರ್ಷ ಕೂತಿದ್ದ ಸೆಕಿನೊ ತೊಕುಜಿಗೆ ಆಯ್ಕೆ ಮಾಡುವ ಅಭ್ಯಾಸವೇ ಇರಲಿಲ್ಲ. ಆ ಬಂದರಿನಿಂದ ದೋಣಿ ಹೋಗುತ್ತಿದ್ದದ್ದು ಎದುರಿನ ಒಂದೇ ಒಂದು ದ್ವೀಪಕ್ಕೆ. ಬಂದವರು ದುಡ್ಡಿಡುತ್ತಿದ್ದರು, ಇವನು ಚೀಟಿ ಹರಿದು ಕೊಡುತ್ತಿದ್ದ. ಎಲ್ಲಿಗೆ ಎಂದು ಅವರೂ ಹೇಳುತ್ತಿರಲಿಲ್ಲ, ಇವನೂ ಕೇಳುತ್ತಿರಲಿಲ್ಲ. ಮದುವೆಯ ವಿಷಯದಲ್ಲಿ ಮೀನಮೇಷ ಎಣಿಸುತ್ತ ಕೂತವನಿಗೆ ಈಗ ಅರವತ್ತೊಂದು. ನಿವೃತ್ತಿಯಾದ ಮೇಲಂತೂ ಬೆಳಿಗ್ಗೆ ಕಪ್ಪು ಕಾಲುಚೀಲವೋ ಬೂದಿಬಣ್ಣದ್ದೋ ಎಂದು ಯೋಚಿಸುತ್ತ ಕೂತರೆ ಹತ್ತು ಗಂಟೆಯ ದೋಣಿ ಕೂಗಿ ಹೊರಟುಹೋಗುತ್ತಿತ್ತು. ಇಂಥವನಿಗೆ, ಡಿಸೆಂಬರಿನಲ್ಲಿ ತೀರಿಕೊಂಡ ಸೋದರಮಾವ ಒಂದು ಹಳೆಯ ಕ್ಯಾಮೆರಾ ಬಿಟ್ಟುಹೋದ.

ಕ್ಯಾಮೆರಾ ಚೆನ್ನಾಗಿಯೇ ಇತ್ತು. ಐವತ್ತು ವರ್ಷದ ಹಿಂದಿನದಾದರೂ ಗುಂಡಿ ಒತ್ತಿದರೆ ಮೆತ್ತಗೆ ಕ್ಲಿಕ್ಕೆನ್ನುತ್ತಿತ್ತು, ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ. ಬೆಳಕು ಅಳೆಯುವ ಮುಳ್ಳು ಮಾತ್ರ ಸತ್ತು ಮಲಗಿತ್ತು. ಅದಕ್ಕೆ ಪಾದರಸದ ಬಟನ್ ಸೆಲ್ ಬೇಕು. ಪಾದರಸ ವಿಷವೆಂದು ಜಗತ್ತೆಲ್ಲ ಆ ಸೆಲ್ ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದೆ. ಮುಳ್ಳಿಲ್ಲದಿದ್ದರೇನು, ಬೆಳಕನ್ನು ಅಂದಾಜು ಮಾಡಿ ಫೋಟೋ ತೆಗೆಯಬಹುದಲ್ಲ ಎಂದು ನೀವು ಕೇಳಬಹುದು. ಅಂದಾಜು ಮಾಡುವುದೂ ಒಂದು ಆಯ್ಕೆಯೇ ತಾನೆ? ತೊಕುಜಿ ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮೀನು ಮಾರುಕಟ್ಟೆಯ ಹಿಂದೆ ರಿಪೇರಿ ಮಾಡುವ ಇವಾಮಿ ಮುದುಕನ ಹತ್ತಿರ ಹೋದ.

"ಮೂರು ದಾರಿ ಇದೆ, ತೊಕುಜಿ-ಸಾನ್," ಎಂದ ಇವಾಮಿ. ಆ ಬೀದಿಯಲ್ಲಿ ಸೆಕಿನೊ ಹೆಸರಿನವರು ಐದು ಮನೆ ಇದ್ದುದರಿಂದ ಎಲ್ಲರೂ ಮನೆತನದ ಹೆಸರು ಬಿಟ್ಟು, ಇವನ ಸ್ವಂತ ಹೆಸರಿಗೇ ಮರ್ಯಾದೆಯ 'ಸಾನ್' ಸೇರಿಸಿ ಕರೆಯುತ್ತಿದ್ದರು. "ಮೊದಲನೇದು, ಅದೇ ಅಳತೆಯ ಮಾಮೂಲಿ ಸೆಲ್. ಸಲೀಸಾಗಿ ಕೂರುತ್ತೆ. ಆದ್ರೆ ಕ್ಯಾಮೆರಾ ಕೇಳೋದು ಒಂದು ಪಾಯಿಂಟ್ ಮೂರು ಐದು ವೋಲ್ಟ್, ಇದು ಕೊಡೋದು ಒಂದೂವರೆ. ಹೊಸದರಲ್ಲಿ ಬೆಳಕು ಜಾಸ್ತಿ ಇದೆ ಅಂತ ಸುಳ್ಳು ಹೇಳುತ್ತೆ. ಆಮೇಲೆ ಇಳೀತಾ ಇಳೀತಾ ದಿನಕ್ಕೊಂದು ಸುಳ್ಳು ಹೇಳುತ್ತೆ."

"ಎರಡನೇದು?"

"ಬೆಳ್ಳಿ ಸೆಲ್, ಜೊತೆಗೆ ವೋಲ್ಟ್ ಇಳಿಸೋ ಒಂದು ಉಂಗುರ. ಅದು ಸತ್ಯವಂತ. ಆದ್ರೆ ಆ ಉಂಗುರ ತರಿಸೋ ಬೆಲೆಗೆ ಇನ್ನೊಂದು ಕ್ಯಾಮೆರಾನೇ ಬರುತ್ತೆ."

"ಮೂರನೇದು?"

"ಕಿವಿ ಮಷಿನ್‌ಗೆ ಹಾಕೋ ಸೆಲ್. ಆರುನೂರ ಎಪ್ಪತ್ತೈದನೇ ನಂಬರಿಂದು, ನೀಲಿ ಚೀಟಿ ಅಂಟಿಸಿರ್ತಾರೆ. ಚೀಟಿ ಕಿತ್ರೆ ಗಾಳಿ ಕುಡಿದು ಕೆಲಸ ಶುರು ಮಾಡುತ್ತೆ. ವೋಲ್ಟು ಹತ್ತಿರ ಹತ್ತಿರ ಸರಿಹೋಗುತ್ತೆ, ಕೊನೇತನಕ ಒಂದೇ ಸಮ ಇರುತ್ತೆ. ಸುತ್ತ ಒಂದು ರಬ್ಬರ್ ಬಳೆ ತೊಡಿಸಿದ್ರೆ ಗೂಡಲ್ಲಿ ಕೂರುತ್ತೆ. ಒಂದೇ ತೊಂದರೆ. ಚೀಟಿ ಕಿತ್ತ ಮೇಲೆ ನೀವು ಫೋಟೋ ತೆಗೀರಿ ಬಿಡಿ, ಒಂದೆರಡು ತಿಂಗಳಲ್ಲಿ ಅದರ ಕಥೆ ಮುಗೀತು."

ತೊಕುಜಿ ಮೂರು ವಾರ ಯೋಚಿಸಿದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಅಂಕಣ ಎಳೆದು, ಒಳಿತು ಕೆಡುಕು ಬರೆದು, ಅಳಿಸಿ, ಮತ್ತೆ ಬರೆದ. ಕೊನೆಗೆ ಕಿವಿಯ ಸೆಲ್ಲೇ ಎಂದು ತೀರ್ಮಾನಿಸಿದ. ವೋಲ್ಟಿನ ಲೆಕ್ಕದಿಂದ ಹೀಗೆ ಮಾಡಿದೆನೆಂದು ಅವನು ತಿಳಿದಿದ್ದ. ನಿಜ ಹೇಳಬೇಕೆಂದರೆ, ಶಿಯೊಹಾಮಾದಲ್ಲಿ ಕಿವಿಯ ಸೆಲ್ ಸಿಗುತ್ತಿದ್ದದ್ದು ಒಂದೇ ಅಂಗಡಿಯಲ್ಲಿ, ಆ ಅಂಗಡಿ ಫುಸಾಯೆಯದು.

ಗಡಿಯಾರ, ಕನ್ನಡಕ, ಕಿವಿಯ ಮಷಿನ್, ಮೂರನ್ನೂ ಮಾರುವ ಆ ಅಂಗಡಿಯನ್ನು ಫುಸಾಯೆ ತನ್ನ ತಂದೆಯ ಕಾಲದಿಂದ ನಡೆಸುತ್ತಿದ್ದಳು. ಐವತ್ತಾರು ವರ್ಷ, ಗಂಡ ಹೋಗಿ ಒಂಬತ್ತು ವರ್ಷ. ಮಧ್ಯಾಹ್ನ ಮೂರರ ಹೊತ್ತಿಗೆ ಸೂರ್ಯ ಬಂದರಿನ ಮೇಲಿಂದ ಓರೆಯಾಗಿ ಅಂಗಡಿಯೊಳಗೆ ಬರುತ್ತಾನೆ. ಗೋಡೆಯ ಗಡಿಯಾರಗಳ ಗಾಜುಗಳೆಲ್ಲ ಒಂದೊಂದಾಗಿ ಬೆಳಗುತ್ತವೆ. ಆಗ ಅವಳು ಸಣ್ಣ ಏಣಿಯ ಮೇಲೆ ನಿಂತು ಕೀಲಿ ಕೊಡುತ್ತಿರುತ್ತಾಳೆ. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ತೊಕುಜಿ ಇದನ್ನು ಎಷ್ಟೋ ಮಧ್ಯಾಹ್ನ ನೋಡಿದ್ದ. ಬಸ್ಸುಗಳು ಬಂದು ಹೋಗುತ್ತಿದ್ದವು. ಆ ಹೊತ್ತಿನ ಒಂದೇ ಒಂದು ಫೋಟೋ ತೆಗೆಯಬೇಕು, ಅದಕ್ಕೆ ಅವಳ ಒಪ್ಪಿಗೆ ಕೇಳಬೇಕು. ಅವನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

ಜನವರಿಯ ಒಂದು ಮಂಗಳವಾರ ಅವನು ಅಂಗಡಿಗೆ ಹೋದ. ಹಳೆಯ ಕ್ಯಾಮೆರಾ, ಸತ್ತ ಮುಳ್ಳು, ಮೂರು ಗಂಟೆಯ ಬೆಳಕು ಎಲ್ಲವನ್ನೂ ಸೇರಿಸಿ ಒಂದು ಉದ್ದನೆಯ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದ. ಬಾಗಿಲು ತೆರೆದಾಗ ಅದರಲ್ಲಿ ನಂಬರು ಮಾತ್ರ ಉಳಿದಿತ್ತು.

"ಆರುನೂರ ಎಪ್ಪತ್ತೈದು," ಎಂದ.

"ಯಾರಿಗೆ, ತೊಕುಜಿ-ಸಾನ್?" ಫುಸಾಯೆ ಒಂದು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನನಗೇ."

ನೀಲಿ ಚೀಟಿಯ ಸೆಲ್ ಹೋಗುವುದು ತೀರಾ ಕಿವುಡಾದವರ ದೊಡ್ಡ ಮಷಿನ್ನಿಗೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಫುಸಾಯೆಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳು ಕೈಯಲ್ಲಿದ್ದ ಚಿಮಟ ಕೆಳಗಿಟ್ಟಳು. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆದಳು. ಗಲ್ಲಾ ಸುತ್ತಿ ಈಚೆ ಬಂದು, ತನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಇವನೆದುರು ನಿಂತು, ಇವನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದು ಅಕ್ಷರವನ್ನೂ ಬಿಡಿಸಿ ಮಾತಾಡಿದಳು.

"ಎಷ್ಟು ದಿನದಿಂದ?"

"ಡಿಸೆಂಬರಿಂದ," ಎಂದ ತೊಕುಜಿ. "ಸೋದರಮಾವನಿಂದ ಬಂದದ್ದು."

"ಮನೆತನದಲ್ಲೇ ಇದೆ ಹಾಗಾದ್ರೆ."

"ಹೌದು. ಮಾವ ಅದನ್ನ ಬಹಳ ಜೋಪಾನ ಮಾಡಿದ್ರು."

ಫುಸಾಯೆ ಗಾಜಿನ ಕಪಾಟಿನಿಂದ ಒಂದು ಪೊಟ್ಟಣ ತೆಗೆದಳು. ದುಃಖವನ್ನು ಹೀಗೂ ಹೊಟ್ಟೆಗೆ ಹಾಕಿಕೊಳ್ಳುವವರು ಇರುತ್ತಾರೆ ಎಂದುಕೊಂಡಿರಬೇಕು. "ಯೋಚನೆ ಮಾಡಬೇಡಿ. ನಾನಿದ್ದೀನಿ," ಎಂದು ಪೊಟ್ಟಣವನ್ನು ಎರಡೂ ಕೈಯಿಂದ ಕೊಟ್ಟಳು.

ತೊಕುಜಿ ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಸೆಲ್ಲಿನ ಚೀಟಿ ಕಿತ್ತ, ಬಳೆ ತೊಡಿಸಿದ, ಗೂಡಿನಲ್ಲಿಟ್ಟ. ಮುಳ್ಳು ಮೆಲ್ಲಗೆ ಎದ್ದು ಕಿಟಕಿಯ ಬೆಳಕಿನ ಕಡೆ ತಲೆ ಎತ್ತಿತು. ಆದರೆ ಅವನು ನೋಡುತ್ತಿದ್ದದ್ದು ಮುಳ್ಳನ್ನಲ್ಲ. ಮೂವತ್ತೆಂಟು ವರ್ಷ ಕಿಟಕಿಯ ಹಿಂದೆ ಕೂತವನನ್ನು ಊರೇ ನೋಡಿತ್ತು, ಆದರೆ ನೋಡಿದ್ದು ಕೈಯನ್ನು, ಚೀಟಿಯನ್ನು, ಚಿಲ್ಲರೆಯನ್ನು. ಹೀಗೆ ಮುಖ ನೋಡಿ ಯಾರೂ ಮಾತಾಡಿರಲಿಲ್ಲ. ಒಂದು ಪೊಟ್ಟಣದಲ್ಲಿ ಆರು ಸೆಲ್. ಆರು ಸೆಲ್ಲಿನಲ್ಲಿ ವರ್ಷ ಕಳೆಯಬಹುದಿತ್ತು. ಮುಂದಿನ ಮಂಗಳವಾರ ಅವನು ಇನ್ನೊಂದು ಪೊಟ್ಟಣ ತಂದ, ಅದರ ಮುಂದಿನ ಮಂಗಳವಾರ ಮತ್ತೊಂದು.

ಆ ಮೂರನೆಯ ಮಂಗಳವಾರ ಅಂಗಡಿಯ ಮೂಲೆಯಲ್ಲಿ ಕನ್ನಡಕದ ತಿರುಪು ಬಿಗಿಸಿಕೊಳ್ಳಲು ಒಬಾತಾ ಕೂತಿದ್ದ. ಈ ಒಬಾತಾ ಸೋಯಾ ಸಾಸಿನ ವ್ಯಾಪಾರಿ, ಬೀದಿಯ ಸಂಘದ ಅಧ್ಯಕ್ಷ, ದೋಣಿಯ ಕೂಗಿಗೆ ಪೈಪೋಟಿ ಕೊಡುವ ಗಂಟಲಿನವನು. ಅವನು ಸೆಲ್ ನೋಡಿದ, ಫುಸಾಯೆ ಅಕ್ಷರ ಬಿಡಿಸಿ ಮಾತಾಡುವುದನ್ನು ನೋಡಿದ, ಎಲ್ಲ ಅರ್ಥವಾಯಿತೆಂದು ತಲೆಯಾಡಿಸಿದ. ಬೇರೆ ಊರಾಗಿದ್ದರೆ ಹೊರಗೆ ಬಂದ ಮೇಲೆ ಭುಜ ಹಿಡಿದು ಕೇಳಿ ಮುಗಿಸುತ್ತಿದ್ದರು. ಶಿಯೊಹಾಮಾದಲ್ಲಿ ಒಬ್ಬನ ಕಿವಿಯ ಬಗ್ಗೆ ಅವನನ್ನೇ ಕೇಳುವುದೆಂದರೆ ಬೂಟು ಹಾಕಿಕೊಂಡು ಅವನ ಚಾಪೆ ತುಳಿದಷ್ಟೇ ಅಸಭ್ಯ. ಹಾಗಾಗಿ ಒಬಾತಾ ಸುತ್ತೋಲೆಯ ಹಲಗೆ ತೆಗೆದ. ಮನೆಯಿಂದ ಮನೆಗೆ ಕೈದಾಟಿ ಹೋಗುವ ಆ ಹಲಗೆಯಲ್ಲಿ ಕಸದ ಗಾಡಿಯ ಹೊತ್ತಿನ ಕೆಳಗೆ ಹೀಗೆ ಬರೆದ: "ನಮ್ಮ ಬೀದಿಯಲ್ಲಿ ಇನ್ನು ಮುಂದೆ ಎಲ್ಲರೂ ಎಲ್ಲರೊಡನೆ ಗಟ್ಟಿಯಾಗಿ, ನಿಧಾನವಾಗಿ, ಮುಖ ನೋಡಿ ಮಾತಾಡಬೇಕಾಗಿ ವಿನಂತಿ. ಯಾರ ಹೆಸರೂ ಬೇಡ."

ಹಲಗೆ ತೊಕುಜಿಯ ಮನೆಗೂ ಬಂತು. ಅವನು ಎರಡು ಸಲ ಓದಿದ. ಪಾಪ, ಯಾರಿಗೋ ಕಿವಿ ಹೋಗಿದೆ ಎಂದುಕೊಂಡ. ಯಾರಿರಬಹುದು? ಬೀದಿಯಲ್ಲಿ ಸದಾ ಅರಚಿಕೊಂಡು ಮಾತಾಡುವವನು ಒಬಾತಾ ಒಬ್ಬನೇ. ತಾನು ಕಿವುಡನೆಂದು ಹೇಳಿಕೊಳ್ಳಲು ನಾಚಿ ಹೀಗೆ ಬರೆದಿದ್ದಾನೆ, ಎಂಥ ಸಂಕೋಚದ ಮನುಷ್ಯ ಎಂದು ಮರುಗಿ, ಓದಿದ ಗುರುತಿಗೆ ತನ್ನ ಮುದ್ರೆ ಒತ್ತಿ ಪಕ್ಕದ ಮನೆಗೆ ಕೊಟ್ಟ.

ಮರುದಿನ ಬೆಳಿಗ್ಗೆ ಕಸದ ಚೀಲ ಇಡುವ ಜಾಗದಲ್ಲಿ ಇಬ್ಬರೂ ಎದುರಾದರು.

"ಒಬಾತಾ-ಸಾನ್," ಎಂದು ತೊಕುಜಿ ಬಾಯಿಯ ಸುತ್ತ ಕೈ ಬೊಗಸೆ ಮಾಡಿ ಕೂಗಿದ, "ಇವತ್ತು. ಚಳಿ. ಕಡಿಮೆ."

ಒಬಾತಾನ ಕಣ್ಣು ತುಂಬಿತು. ಕಿವುಡರು ತಮ್ಮ ದನಿ ತಮಗೇ ಕೇಳದೆ ಹೀಗೆ ಕೂಗುತ್ತಾರೆಂದು ಅವನು ಎಲ್ಲೋ ಓದಿದ್ದ. "ಹೌದು. ಪ್ಲಮ್. ಹೂ. ಬಿಟ್ಟಿದೆ," ಎಂದು ತನ್ನ ಗಂಟಲಿನ ಪೂರ್ತಿ ಶಕ್ತಿ ಹಾಕಿದ.

"ಸಂತೋಷ. ಆರೋಗ್ಯ. ನೋಡಿಕೊಳ್ಳಿ."

"ನೀವೂ. ಅಷ್ಟೇ."

ತಂತಿಯ ಮೇಲಿನ ಕಾಗೆಗಳು ಎದ್ದು ಸಮುದ್ರದ ಕಡೆ ಹಾರಿದವು. ಇಬ್ಬರೂ ಒಬ್ಬರಿಗೊಬ್ಬರು ಆಳವಾಗಿ ಬಾಗಿ, ಒಬ್ಬರ ಮೇಲೊಬ್ಬರು ಕನಿಕರಪಟ್ಟು ಮನೆಗೆ ಹೋದರು. ಆಮೇಲೆ ಫೆಬ್ರವರಿಯುದ್ದಕ್ಕೂ ಆ ಬೀದಿಯ ಮಾತೆಲ್ಲ ಎದುರಿನ ದ್ವೀಪಕ್ಕೆ ಕೇಳುತ್ತಿತ್ತು. ಯಾರ ಮನೆಯಲ್ಲಿ ಏನು ಅಡುಗೆ, ಯಾರ ಸೊಂಟ ಹಿಡಿದಿದೆ, ಎಲ್ಲವೂ ನೀರಿನ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಸಂಜೆಯ ಮಂಜಿನಲ್ಲಿ ದ್ವೀಪದ ಬೆಸ್ತರು ಬಲೆ ಬಿಟ್ಟು ಕೇಳುತ್ತ ಕೂರುತ್ತಿದ್ದರಂತೆ.

ಕಡೆಗೆ ಒಬಾತಾ ಒಕಾಯಾಮಾದಲ್ಲಿದ್ದ ತೊಕುಜಿಯ ತಂಗಿಗೆ ಫೋನ್ ಮಾಡಿದ. ತಂಗಿ ಸೆತ್ಸು ಉಪ್ಪು ಹಾಕಿದ ಪ್ಲಮ್ ಕಾಯಿಯ ಭರಣಿ, ದೇವಸ್ಥಾನದ ರಕ್ಷೆ, ಒಂದು ನೋಟ್‌ಪುಸ್ತಕ ಹಿಡಿದುಕೊಂಡು ಬಂದಿಳಿದಳು. ಬಂದವಳು ಮಾತಾಡಲಿಲ್ಲ. ಮಂಡಿಯೂರಿ ಕೂತು, ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದಳು: "ಅಣ್ಣ, ನನಗ್ಯಾಕೆ ಹೇಳಲಿಲ್ಲ?"

"ಏನನ್ನ?"

"ಕಿವಿ," ಎಂದು ಬರೆದಳು.

ತಾನು ಕಿವುಡನಾಗಿರುವ ಸುದ್ದಿ ತೊಕುಜಿಗೆ ತಿಳಿದದ್ದು ಹೀಗೆ, ಅದೂ ಊರಿನಲ್ಲಿ ಎಲ್ಲರಿಗಿಂತ ಕೊನೆಗೆ. "ನನ್ನ ಕಿವಿ ಸರಿಯಾಗೇ ಇದೆ ಕಣೆ," ಎಂದ. ಅಷ್ಟರಲ್ಲಿ ಪುರಸಭೆಯ ಗುಮಾಸ್ತನೂ ಬಂದ. ಕೈಯಲ್ಲಿ ಅರ್ಜಿ, ಕಂಕುಳಲ್ಲಿ ಕಿವುಡುತನದ ಬಗೆಗಿನ ಒಂದು ಕಿರುಪುಸ್ತಕ.

"ನನ್ನ ಕಿವಿ ಸರಿಯಾಗೇ ಇದೆ," ಎಂದು ತೊಕುಜಿ ಅವನಿಗೂ ಹೇಳಿದ.

ಗುಮಾಸ್ತ ಪುಟ ತಿರುವಿದ. "ನಾಲ್ಕನೇ ಪುಟದಲ್ಲಿದೆ, ಅಮ್ಮ," ಎಂದು ಸೆತ್ಸುವಿಗೆ ಹೇಳಿದ. "ಒಪ್ಪಿಕೊಳ್ಳದೇ ಇರೋ ಹಂತ. ಎಲ್ಲರೂ ಇದೇ ಮಾತು ಹೇಳ್ತಾರೆ, ಅಕ್ಷರ ಕೂಡ ಬದಲಾಗಲ್ಲ."

"ಈಗ ನೀವು ಹೇಳಿದ್ದು ನನಗೆ ಕೇಳಿಸಿತಲ್ಲ."

"ತುಟಿ ನೋಡಿ ಎಷ್ಟು ಬೇಗ ಹಿಡೀತಾರೆ ನೋಡಿ," ಎಂದ ಗುಮಾಸ್ತ ಮೆಚ್ಚಿಕೊಂಡು. "ಬುದ್ಧಿವಂತರಲ್ಲಿ ಹೀಗಾಗುತ್ತೆ. ಅದು ಐದನೇ ಪುಟ."

ತೊಕುಜಿ ಎದ್ದು ಹೋಗಿ ಕ್ಯಾಮೆರಾ ತಂದು ಅವರ ಮುಂದಿಟ್ಟ. ತಳದ ಮುಚ್ಚಳ ಬಿಚ್ಚಿ ಸೆಲ್ ತೋರಿಸಿದ. ಕಿವಿಯ ಸೆಲ್ ತಂದದ್ದು ಇದಕ್ಕೆ, ತನ್ನ ಕಿವಿಗಲ್ಲ ಎಂದ. ಸೆತ್ಸು ಕ್ಯಾಮೆರಾ ನೋಡಿದಳು, ಅಣ್ಣನನ್ನು ನೋಡಿದಳು, ಮತ್ತೆ ಪೆನ್ನು ಹಿಡಿದಳು.

"ಅಣ್ಣ, ಒಂದು ಸಲ ತಲೇನೂ ತೋರಿಸಿಬಿಡೋಣ," ಎಂದು ಬರೆದಳು.

ಇನ್ನು ಉಳಿದದ್ದು ಫುಸಾಯೆ. ಅವಳಿಗೆ ನಿಜ ಹೇಳಿದರೆ ಮುಗಿಯಿತು, ಈ ವ್ಯಾಪಾರದಲ್ಲಿ ಅವಳ ಮಾತನ್ನು ಊರೇ ಒಪ್ಪುತ್ತದೆ. ಫೆಬ್ರವರಿಯ ಕೊನೆಯ ಮಂಗಳವಾರ ತೊಕುಜಿ ಗಟ್ಟಿಮನಸ್ಸು ಮಾಡಿಕೊಂಡು ಹೋದ. ಮೂರು ಗಂಟೆಯ ಬೆಳಕು ಆಗತಾನೆ ಒಳಗೆ ಬರುತ್ತಿತ್ತು. ಒಬಾತಾ ಅಲ್ಲೇ ಕೂತು ಕನ್ನಡಕದ ಇನ್ನೊಂದು ತಿರುಪಿನ ಬಗ್ಗೆ ದೂರುತ್ತಿದ್ದ. ಫುಸಾಯೆ ತಲೆ ತಗ್ಗಿಸಿ ತಿರುಪಿಗೇ ಉತ್ತರ ಕೊಡುತ್ತಿದ್ದಳು. ಕಿವಿ ಚೆನ್ನಾಗಿರುವವರ ಪಾಲಿಗೆ ಸಿಗುವುದು ಇಷ್ಟೇ ಎಂದು ತೊಕುಜಿ ನೋಡುತ್ತ ನಿಂತ. ಅವಳು ಇವನನ್ನು ಕಂಡಳು, ತಿರುಪು ಬಿಟ್ಟಳು, ಬೆಳಕಿಗೆ ಬಂದು ನಿಂತಳು, ಮುಖ ಎತ್ತಿದಳು.

"ಫುಸಾಯೆ-ಸಾನ್, ನನ್ನ ಕಿವಿ..."

"ಹೇಳಿ."

ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಅವಳ ಕಣ್ಣಿನ ಕೆಳಗಿನ ಸಣ್ಣ ಮಚ್ಚೆಯ ಮೇಲೆ ಬಿಸಿಲು ಬಿದ್ದಿತ್ತು. ಈ ಮಾತು ಮುಗಿದರೆ ಈ ಮುಖ ತಿರುಪುಗಳ ಕಡೆ ಹೋಗಿಬಿಡುತ್ತದೆ.

"ನನ್ನ ಕಿವಿಗೆ ಒಂದು ಪೊಟ್ಟಣ," ಎಂದ ತೊಕುಜಿ.

ಫುಸಾಯೆ ಪೊಟ್ಟಣ ತೆಗೆದುಕೊಟ್ಟಳು. "ಮಾರ್ಚ್ ಮೂರು ಕಿವಿಯ ದಿನ," ಎಂದಳು ಬಿಡಿಸಿ ಬಿಡಿಸಿ. "ಸಂಘದ ಭವನದಲ್ಲಿ ನಾನೇ ಪರೀಕ್ಷೆ ಮಾಡ್ತೀನಿ. ನೀವು ಬರಬೇಕು." ಬರುತ್ತೇನೆಂದು ತೊಕುಜಿ ತಲೆಯಾಡಿಸಿದ.

ಮಾರ್ಚ್ ಮೂರಕ್ಕೆ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸೆತ್ಸು ಕರವಸ್ತ್ರ ಹಿಡಿದು ಕೂತಿದ್ದಳು. ಅವಳ ಪಕ್ಕದಲ್ಲಿ ಗುಮಾಸ್ತ ಅಂಗವಿಕಲರ ಪ್ರಮಾಣಪತ್ರದ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ತೊಕುಜಿ ಕೇಳಿಸಿಕೊಂಡರೆ ಎಲ್ಲರಿಗೂ ಕಾಣಲೆಂದು ಒಬಾತಾ ಮೀನು ಹರಾಜು ಕಟ್ಟೆಯಿಂದ ದೊಡ್ಡ ಕೆಂಪು ದೀಪವೊಂದನ್ನು ತರಿಸಿ ಪರೀಕ್ಷೆಯ ಗುಂಡಿಗೆ ಸಿಕ್ಕಿಸಿದ್ದ. ಪರೀಕ್ಷೆಯಾದ ಮೇಲೆ "ನಿಶ್ಶಬ್ದದಲ್ಲಿ ನನ್ನ ಬದುಕು" ಎಂಬ ವಿಷಯದ ಮೇಲೆ ತೊಕುಜಿ-ಸಾನ್ ನಾಲ್ಕು ಮಾತಾಡುತ್ತಾರೆ ಎಂದೂ ಘೋಷಿಸಿದ. ಜನ ಚಪ್ಪಾಳೆ ತಟ್ಟಿದರು. ಅವನಿಗೆ ಕೇಳದಿದ್ದರೂ ಕಾಣಲಿ ಎಂದು ಕೈಗಳನ್ನು ತಲೆಯ ಮೇಲೆತ್ತಿ ತಟ್ಟಿದರು.

ಫುಸಾಯೆ ತೊಕುಜಿಯ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟಳು. ಸದ್ದು ಕೇಳಿಸಿದಾಗ ಒತ್ತಬೇಕು, ಅಷ್ಟೇ. ಆಮೇಲೆ ತನ್ನ ಮೇಜಿನ ಹಿಂದೆ ಕೂತಳು. ಲೋಕದ ಗದ್ದಲವೆಲ್ಲ ನೀರಿನಡಿಗೆ ಹೋದ ಹಾಗಾಯಿತು. ಮೊದಲ ಸದ್ದು ಬಂತು, ದೋಣಿಯ ಕೂಗಿನಷ್ಟು ದಪ್ಪ. ತೊಕುಜಿ ಬೆರಳನ್ನು ಗುಂಡಿಯ ಮೇಲಿಟ್ಟು ಮೀನಮೇಷ ಎಣಿಸಿದ. ಒತ್ತಿದರೆ ಊರು ನಗುತ್ತದೆ, ನಗಲಿ, ಆದರೆ ಅವಳು ಇನ್ನೆಂದೂ ಗಲ್ಲಾ ಸುತ್ತಿ ಈಚೆ ಬರುವುದಿಲ್ಲ. ಒತ್ತದಿದ್ದರೆ ಸಾಯುವತನಕ ಅವಳಿಗೆ ಸುಳ್ಳು ಹೇಳುತ್ತ ಅವಳ ಮುಖ ನೋಡುತ್ತಿರಬೇಕು. ಎಣಿಸುವಷ್ಟರಲ್ಲಿ ಸದ್ದು ದಾಟಿಹೋಯಿತು. ಎರಡನೆಯದೂ ಹೋಯಿತು, ಮೂರನೆಯದೂ ಹೋಯಿತು. ದೀಪ ಹತ್ತಲಿಲ್ಲ. ಭವನ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು. ಸೆತ್ಸು ಕಣ್ಣೊರೆಸಿಕೊಂಡಳು, ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ಕೊನೆಯದು ಮಾತಿನ ಪರೀಕ್ಷೆ. ತುಟಿ ನೋಡಿ ಊಹಿಸಬಾರದೆಂದು ಪರೀಕ್ಷೆ ಮಾಡುವವರು ಬಾಯಿಗೆ ಏನಾದರೂ ಅಡ್ಡ ಹಿಡಿಯುತ್ತಾರೆ. ಫುಸಾಯೆ ಒಂದು ಬಿಳಿ ರಟ್ಟು ಎತ್ತಿ ಹಿಡಿದಳು, ಅವಳ ಮುಖ ಕಣ್ಣಿನ ಕೆಳಗೆ ಪೂರ್ತಿ ಮರೆಯಾಯಿತು. ಯಂತ್ರದ ತಿರುಗಣಿಯನ್ನು ತೀರಾ ಕೆಳಕ್ಕೆ ಇಳಿಸಿ, ರಟ್ಟಿನ ಹಿಂದಿನ ಮೈಕಿಗೆ ಪಿಸುಗುಟ್ಟತೊಡಗಿದಳು. ಆ ದನಿ ತೊಕುಜಿಯ ಕಿವಿಗಲ್ಲದೆ ಭವನದಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

"ಸಮುದ್ರ," ಎಂದಳು. "ಸೂಜಿ. ಮೋಡ."

ತೊಕುಜಿ ಅಲುಗಲಿಲ್ಲ.

"ತೊಕುಜಿ-ಸಾನ್," ಎಂದಿತು ದನಿ. ಇದು ಪಟ್ಟಿಯಲ್ಲಿದ್ದ ಪದವಲ್ಲ. "ನಿಮ್ಮ ತಂಗಿ ಮೊನ್ನೆ ಅಂಗಡಿಗೆ ಬಂದು ಅತ್ತರು, ಅಣ್ಣನ ತಲೆ ಕೆಟ್ಟಿದೆ, ಕಿವಿ ಸೆಲ್ ತಂದು ಕ್ಯಾಮೆರಾಕ್ಕೆ ಹಾಕ್ತಾನೆ ಅಂತ. ಹಳೇ ಕ್ಯಾಮೆರಾದವರು ನನ್ನ ಹತ್ತಿರ ಈ ಸೆಲ್ ಒಯ್ಯೋದು ಹೊಸದಲ್ಲ. ವರ್ಷಕ್ಕೆ ಒಂದು ಪೊಟ್ಟಣ ಒಯ್ತಾರೆ. ನೀವು ಏಳು ಒಯ್ದಿದ್ದೀರಿ."

ತೊಕುಜಿಯ ಕಿವಿ ಕೆಂಪಾಗುತ್ತ ಬಂತು. ಹೆಡ್‌ಫೋನಿನ ಅಂಚಿನವರೆಗೂ ಕೆಂಪಾದದ್ದನ್ನು ಮುಂದಿನ ಸಾಲಿನವರು ನೋಡಿ, ಪಾಪ, ಎಷ್ಟು ಪ್ರಯತ್ನ ಪಡುತ್ತಿದ್ದಾನೆ ಎಂದುಕೊಂಡರು.

"ನಲವತ್ತೆರಡು ಸೆಲ್," ಎಂದಿತು ದನಿ. "ಯಾಕೆ ಅಂತ ಯೋಚನೆ ಮಾಡಿದೆ. ನನಗೆ ಗೊತ್ತಾಯ್ತು ಅನ್ಸುತ್ತೆ." ರಟ್ಟಿನ ಮೇಲಂಚಿನಿಂದ ಅವಳ ಕಣ್ಣು ಇವನನ್ನೇ ನೋಡಿತು. "ಕಿವಿ ಚೆನ್ನಾಗಿರೋರ ಹತ್ರಾನೂ ನಾನು ಮುಖ ನೋಡಿಯೇ ಮಾತಾಡಬಲ್ಲೆ, ತೊಕುಜಿ-ಸಾನ್. ಎಲ್ಲರ ಹತ್ರ ಅಲ್ಲ. ಕೇಳಿಸಿದ್ರೆ ಗುಂಡಿ ಒತ್ತಿ."

ಅರವತ್ತೊಂದು ವರ್ಷದಲ್ಲಿ ಮೊದಲ ಸಲ ತೊಕುಜಿ ಮೀನಮೇಷ ಎಣಿಸಲಿಲ್ಲ. ಹರಾಜು ಕಟ್ಟೆಯ ಕೆಂಪು ದೀಪ ಭವನದ ಮಾಡಿನ ತನಕ ಬೆಳಗಿತು.

ಜನ ಎದ್ದು ನಿಂತರು. "ಕೇಳಿಸ್ತು, ಕೇಳಿಸ್ತು," ಎಂದು ಒಬಾತಾ ಕುರ್ಚಿ ಹತ್ತಿದ. "ಒಂದು ತಿಂಗಳು ಬೀದಿಯೆಲ್ಲ ಗಟ್ಟಿಯಾಗಿ ಮಾತಾಡಿದ್ದರ ಫಲ ಇದು, ಬರೆದುಕೊಳ್ಳಿ." ರಕ್ಷೆ ಕೊಟ್ಟ ದೇವಸ್ಥಾನದ ಹೆಸರನ್ನು ಸೆತ್ಸು ಸುತ್ತಲಿನವರಿಗೆಲ್ಲ ಹೇಳತೊಡಗಿದಳು. ಗುಮಾಸ್ತ ಕಿರುಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದ, ಇಂಥದಕ್ಕೆ ಅದರಲ್ಲಿ ಪುಟವಿರಲಿಲ್ಲ. ದೀಪ ಇನ್ನೂ ಉರಿಯುತ್ತಲೇ ಇತ್ತು.

"ಪರೀಕ್ಷೆ ಮುಗೀತು, ತೊಕುಜಿ-ಸಾನ್. ಬೆರಳು ತೆಗೀಬಹುದು," ಎಂದಳು ಫುಸಾಯೆ, ರಟ್ಟನ್ನು ಮೇಜಿನ ಮೇಲಿಟ್ಟು, ನೇರವಾಗಿ ಅವನ ಮುಖ ನೋಡಿ, ಎಲ್ಲರಿಗೂ ಕೇಳುವ ಮಾಮೂಲಿ ದನಿಯಲ್ಲಿ.

ಅವಳ ಮುಖವನ್ನೇ ನೋಡುತ್ತಿದ್ದ ತೊಕುಜಿಗೆ ಅದೊಂದು ಮಾತು ಮಾತ್ರ ಕೇಳಿಸಲಿಲ್ಲ.